25,000 ತಾಸು ಯಾರ ಮನ್ಯಾಗ ಉರದದ?

ಹೋದ ಸಲ ಉಪ್ಪಿನಕಾಯಿ ಕೆಡೋದರ ಬಗ್ಗೆ ಬರದಿದ್ದೆ, ಭಾಳ ಮಂದಿ ಫೋನ್ ಮಾಡಿ ಮಾತಾಡಿದ್ರಿ. ಈ ಸಲ ಅಡಗಿ ವಿಷಯ ಅಲ್ಲ. ಈ ಸಲ ನಾ ಸಿಟ್ಟಿಗೆದ್ದು ಬರೀಲಿಕ್ಕತ್ತೀನಿ, ಅದೂ ಒಂದು ಬಲ್ಬಿನ ಸಂಬಂಧ. ನಗಬ್ಯಾಡ್ರಿ. ಪೂರ್ತಿ ಓದಿ ಆಮ್ಯಾಲೆ ನಗ್ರಿ.

ನಮ್ಮ ಅತ್ತಿಯವರಿಗೆ ಈಗ ಎಂಬತ್ತೊಂದು. ದೀಪಾವಳಿ ಹಿಂದಿನ ವಾರ, ಸಂಜಿ ಮುಂದ, ಬಚ್ಚಲಕ್ಕ ಹೋದವರು ಹೊಸ್ತಿಲಕ್ಕ ಕಾಲು ತಾಗಿ ಬಿದ್ರು. ಬಲಗೈ ಮಣಿಕಟ್ಟು ಮುರೀತು. ಆರು ವಾರ ಪ್ಲಾಸ್ಟರ್. ಹಬ್ಬದಾಗ ಆರತಿ ತಟ್ಟಿ ಸೈತ ಹಿಡೀಲಿಕ್ಕೆ ಆಗಲಿಲ್ಲ ಪಾಪ. ನೋಡಲಿಕ್ಕೆ ಬಂದವರೆಲ್ಲಾ ಒಂದೇ ಮಾತು: “ಕಣ್ಣು ಮಂದ ಆಗ್ಯಾವ, ವಯಸ್ಸಾತಲ್ಲ.” ನಮ್ಮನಿಯವರೂ ಹಂಗ ಅಂದ್ರು, ನಾನೂ ಹಂಗ ಅಂದೆ. ಅತ್ತಿಯವರು ಒಬ್ಬರ ಮಾತ್ರ, “ನನ್ನ ಕಣ್ಣಿಗೇನೂ ಆಗಿಲ್ಲವಾ, ಅಲ್ಲೆ ಕತ್ತಲಿ ಅದ” ಅಂತ ಹೇಳಿಕೋತ ಇದ್ರು. ಲೈಟು ಹತ್ತಿತ್ತಲ್ಲ, ಕತ್ತಲಿ ಎಲ್ಲಿಂದ ಬರಬೇಕು ಅಂತ ನಾವು ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ.

ಮೂರು ವಾರ ಆದಮ್ಯಾಲೆ ಬಚ್ಚಲದಾಗಿನ ಗಾಜಿನ ಗ್ಲೋಬು ತಗದು ತೊಳೀಲಿಕ್ಕೆ ಸ್ಟೂಲ್ ಹತ್ತಿದೆ. ಒಳಗ ಹುಳಾ ಬಿದ್ದಿದ್ದು. ತೊಳದು ಒರಸಿ ಹಾಕಿದೆ, ಆದ್ರೂ ಬೆಳಕೇನು ಅಷ್ಟು ಹೆಚ್ಚಾಗಲಿಲ್ಲ. ಹೆಂಗಿದ್ರೂ ಸ್ಟೂಲ್ ಹತ್ತೀನಿ ಅಂತ, ಕಪಾಟದಾಗಿದ್ದ ಹೊಸಾ 9 ವ್ಯಾಟಿನ ಎಲ್ಇಡಿ ಬಲ್ಬು ಹಾಕಿ ಸ್ವಿಚ್ ಒತ್ತಿದೆ. ಅತ್ತಿಯವರು ಬಂದು ಬಾಗಲದಾಗ ನಿಂತು, “ಇದೇನವಾ, ಗ್ವಾಡಿಗೆ ಸುಣ್ಣಾ ಹಚ್ಚಿಸ್ಯೇನು?” ಅಂತ ಕೇಳಿದ್ರು.

ನನಗ ಅಲ್ಲೇ ಕಣ್ಣಾಗ ನೀರು ಬಂತು. ತಗದ ಬಲ್ಬೂ 9 ವ್ಯಾಟಿಂದ, ಅದೇ ಕಂಪನಿದು. ಅಡಗಿಮನಿ ಹೋಲ್ಡರಿನಾಗ ಒಮ್ಮೆ ಇದು, ಒಮ್ಮೆ ಅದು ಹಾಕಿ ನೋಡಿದೆ. ಹೊಸಾದು ಮಧ್ಯಾಹ್ನ ಇದ್ದಂಗ, ಹಳೇದು ಮೋಡಾ ಕವದಂಗ. ಐದಾರು ವರ್ಷದಾಗ ದಿನಾ ಒಂದೀಟು ಒಂದೀಟು ಬೆಳಕು ಕಮ್ಮಿ ಆಗಿ, ನಮಗ ಯಾರಿಗೂ ತಿಳೀದಂಗ ಆ ಬಲ್ಬು ಮುದುಕಿ ಆಗಿತ್ತು. ನಾವು ಅತ್ತಿಯವರಿಗೆ ಮುದುಕಿ ಅಂದ್ವಿ.

ಆವತ್ತಿನಿಂದ ನಾ ಈ ಬಲ್ಬಿನ ಹಿಂದ ಬಿದ್ದೀನಿ. ಡಬ್ಬಿ ಓದಿದೆ, ಅಂಗಡ್ಯಾಗ ಜಗಳಾಡಿದೆ, ಮಗ್ಗಲ ಮನಿ ಇಂಜಿನಿಯರಿಂಗ್ ಓದೋ ಹುಡುಗನ ತಲಿ ತಿಂದೆ. ಇಷ್ಟಾದ ಮ್ಯಾಲೆ ನಾ ಹೇಳೋದು ಒಂದೇ ಮಾತು: ಡಬ್ಬಿ ಮ್ಯಾಲಿನ ತಾಸಿನ ಲೆಕ್ಕ ನಂಬಬ್ಯಾಡ್ರಿ. ಗ್ಯಾರಂಟಿ ಎಷ್ಟು ವರ್ಷ ಅಂತ ಬರದದಲ್ಲ, ಅದನ್ನಷ್ಟೇ ಹಿಡೀರಿ.

ಮದಲ ತಾಸಿನ ಲೆಕ್ಕ ನೋಡೋಣು. ಎಲ್ಇಡಿ ಬಲ್ಬಿನ ಡಬ್ಬಿ ಮ್ಯಾಲೆ 15,000 ತಾಸು, 25,000 ತಾಸು ಅಂತ ದೊಡ್ಡಕ್ಷರದಾಗ ಬರದಿರ್ತಾರ. ದಿನಕ್ಕ ಐದು ತಾಸು ಹಚ್ಚಿದ್ರ 25,000 ತಾಸು ಅಂದ್ರ 5,000 ದಿನ, ಅಂದ್ರ ಹದಿಮೂರುವರಿ ವರ್ಷದ ಮ್ಯಾಲೆ. ಇವತ್ತು ಒಂದನೇತ್ತಾ ಶಾಲಿಗೆ ಹೋಗೋ ಮೊಮ್ಮಗಳು ಕಾಲೇಜು ಮುಗಸೋ ಹೊತ್ತಿಗೂ ಅದೇ ಬಲ್ಬು ಉರೀಬೇಕು. ನಿಮ್ಮ ಯಾರ ಮನ್ಯಾಗರ ಒಂದು ಎಲ್ಇಡಿ ಬಲ್ಬು ಹದಿಮೂರು ವರ್ಷ ಉರದದೇನ್ರಿ? ನಮ್ಮನ್ಯಾಗ ಮೂರು ವರ್ಷದೊಳಗ ಏಳು ಬಲ್ಬು ಹೋಗ್ಯಾವ.

ಹಂಗಾದ್ರ ಡಬ್ಬಿ ಮ್ಯಾಲೆ ಸುಳ್ಳು ಬರದಾರೇನು? ಪೂರ್ತಿ ಸುಳ್ಳು ಅಲ್ಲ. ನನಗ ಸಿಟ್ಟು ಬರೋದು ಅದಕ್ಕ. ಪೂರ್ತಿ ಸುಳ್ಳಾಗಿದ್ರ ಹಿಡೀಬಹುದಿತ್ತು.

ಆ ಲೆಕ್ಕ ಒಳಗಿನ ಎಲ್ಇಡಿ ಚಿಪ್ಪಿಂದು, ಇಡೀ ಬಲ್ಬಿಂದಲ್ಲ. ಗ್ಲೋಬು ತಗದ್ರ ಒಳಗ ಹಳದಿ ಚುಕ್ಕಿ ಇರ್ತಾವಲ್ಲ, ಅವು. ಮತ್ತ ಆ ಚಿಪ್ಪಿಗೂ ‘ಆಯುಷ್ಯ ಮುಗೀತು’ ಅಂದ್ರ ಆರಿತು ಅಂತ ಅರ್ಥ ಅಲ್ಲ. ಮದಲ ಕೊಟ್ಟ ಬೆಳಕಿನಾಗ ನೂರಕ್ಕ ಎಪ್ಪತ್ತು ಭಾಗಕ್ಕ ಇಳೀತಂದ್ರ ಆಯುಷ್ಯ ಮುಗೀತು ಅಂತ ಹಿಡೀತಾರ. ಇದಕ್ಕ ಅವರು ‘ಎಲ್ 70’ ಅಂತಾರ. ಅಂದ್ರ ಮೂವತ್ತು ಭಾಗ ಬೆಳಕು ಹೋಗೋ ತನಕ ಆ ಬಲ್ಬು ಅವರ ಲೆಕ್ಕದಾಗ ಗಟ್ಟಿಮುಟ್ಟಾಗೇ ಅದ. ನಮ್ಮ ಬಚ್ಚಲದ ಬಲ್ಬು ಬಿಸಿಗೆ ಇನ್ನೂ ಲಗೂನ ಇಳದಿತ್ತೇನೋ, ಆದ್ರ ಉರೀತಿತ್ತಲ್ಲ. ‘ಬಲ್ಬು ಇನ್ನೂ ನಡದದ’ ಅಂತ ನಾವೂ ಖುಷಿ ಪಟ್ಟುಕೊಂಡು ಕೂತಿದ್ವಿ.

ಇನ್ನೊಂದು ಕೇಳ್ರಿ. 25,000 ತಾಸು ಅಂತ ಬರೀಲಿಕ್ಕೆ ಯಾರೂ 25,000 ತಾಸು ಉರಿಸಿ ನೋಡೂದಿಲ್ಲ. ಅಷ್ಟು ಉರಿಸಬೇಕಾದ್ರ ಹಗಲೂ ರಾತ್ರಿ ಒಂದೇ ಸವನ ಹಚ್ಚಿಟ್ಟರೂ ಸುಮಾರು ಮೂರು ವರ್ಷ ಬೇಕು. ಈ ಚಿಪ್ಪುಗೋಳಿಗೆ ಅಮೆರಿಕಾದವರು ಮಾಡಿದ ಪರೀಕ್ಷಾ ಪದ್ಧತಿ ಜಗತ್ತಿನಾಗೆಲ್ಲಾ ನಡೀತದ. ಅದರಾಗ ಕಡಿಮಿ ಅಂದ್ರ 6,000 ತಾಸು, ಅಂದ್ರ ಎಂಟು ತಿಂಗಳ ಮ್ಯಾಲೆ ಸ್ವಲ್ಪ, ಉರಿಸಿ ಬೆಳಕು ಎಷ್ಟು ಇಳೀತು ಅಂತ ಅಳೀತಾರ. ಆಮ್ಯಾಲೆ ಮುಂದ ಹೆಂಗ ಇಳೀಬಹುದು ಅಂತ ಲೆಕ್ಕ ಹಾಕಿ ಆಯುಷ್ಯ ಹೇಳ್ತಾರ. ಲೆಕ್ಕ ಹಾಕೋದು ತಪ್ಪಲ್ಲ, ನಾವೂ ಒಂದು ಅಗಳು ಹಿಚುಕಿ ಅನ್ನಾ ಬೆಂದದೋ ಇಲ್ಲೋ ನೋಡ್ತೀವಿ. ಆದ್ರ ಪರೀಕ್ಷಾ ಆಗೋದು ಪ್ರಯೋಗಶಾಲಿಯೊಳಗ, ಅಳದಿಟ್ಟ ಉಷ್ಣತಾದಾಗ, ಏರಿಳಿತ ಇಲ್ಲದ ಕರೆಂಟಿನ ಮ್ಯಾಲೆ. ನಮ್ಮ ಬಚ್ಚಲದಾಗ ಹಂಡೆದ ಉಗಿ ಅದ, ಮುಚ್ಚಿದ ಗ್ಲೋಬು ಅದ, ಮಳಿಗಾಲದಾಗ ತಾಸಿಗೆ ನಾಕು ಸಲ ಹೋಗಿ ಬರೋ ಕರೆಂಟು ಅದ.

ಹೋಗೋದು ಯಾವುದು ಹಂಗಾರ? ಮಿಕ್ಸಿ ನೆನಸಿಕೊಳ್ರಿ. ಮಿಕ್ಸಿ ಮೋಟಾರು ಹತ್ತು ವರ್ಷ ಬರ್ತದ, ಜಾರ್ ಬರ್ತದ, ಮುರಿಯೋದು ನಡುವಿನ ಆ ರಬ್ಬರ್ ಕಪ್ಲರ್. ಬಲ್ಬಿನ ಕಥಿನೂ ಅಷ್ಟ. ಚಿಪ್ಪಿಗೆ ನಮ್ಮ ಮನಿ 230 ವೋಲ್ಟಿನ ಕರೆಂಟು ನೇರ ಕೊಡ್ಲಿಕ್ಕೆ ಬರೂದಿಲ್ಲ. ಅದನ್ನ ಇಳಿಸಿ ಕೊಡ್ಲಿಕ್ಕೆ ಬಲ್ಬಿನ ಕುತ್ತಿಗ್ಯಾಗ ಒಂದು ಸಣ್ಣ ಸರ್ಕಿಟ್ ಇರ್ತದ, ಅದಕ್ಕ ಡ್ರೈವರ್ ಅಂತಾರ. ಆ ಡ್ರೈವರಿನಾಗ ಕೆಪ್ಯಾಸಿಟರ್ ಅಂತ ಬೆರಳ ತುದಿಯಷ್ಟು ಒಂದು ಡಬ್ಬಿ ಇರ್ತದ, ಒಳಗ ದ್ರವ ಇರ್ತದ. ಕಾವು ತಾಗಿದಂಗ ಅದು ಒಣಗತದ. ಹತ್ತು ಡಿಗ್ರಿ ಕಾವು ಹೆಚ್ಚಾದ್ರ ಅದರ ಆಯುಷ್ಯ ಹೆಚ್ಚು ಕಮ್ಮಿ ಅರ್ಧಕ್ಕ ಇಳೀತದ. ಎಲ್ಇಡಿ ತಣ್ಣಗ ಇರ್ತದ ಅಂತ ನಾವು ತಿಳಕೊಂಡೀವಿ. ಬುಡಾ ಮುಟ್ಟಿ ನೋಡ್ರಿ, ಕಾವು ಗೊತ್ತಾಗ್ತದ. ಆ ಕಾವು ಹೊರಗ ಹೋಗಬೇಕು. ಗಾಳಿ ಆಡದ ಮುಚ್ಚಿದ ಗಾಜಿನ ಗ್ಲೋಬಿನಾಗ ಹಾಕಿದ್ರ ಎಲ್ಲಿಗೆ ಹೋಗ್ತದ? ನಮ್ಮನಿ ಏಳು ಬಲ್ಬಿನಾಗ ನಾಕು ಇಂಥಾ ಗ್ಲೋಬಿನಾಗಿನವೇ.

ಇನ್ನು ಒಳಗಿನ ಚುಕ್ಕಿಗೋಳನ್ನ ಮಲ್ಲಿಗಿ ದಂಡಿ ಕಟ್ಟಿಧಂಗ ಸಾಲಾಗಿ ಜೋಡಿಸಿರ್ತಾರ. ಭಾಳ ಬಲ್ಬುಗೋಳಾಗ ಸಾಲಿನಾಗಿನ ಒಂದು ಚುಕ್ಕಿ ಸುಟ್ಟರೂ ಸಾಕು, ಎಲ್ಲಾ ಆರತಾವ. ಸತ್ತ ಬಲ್ಬಿನ ಟೊಪ್ಪಿಗಿ ತಗದು ನೋಡಿದ್ರ ಒಂದೇ ಚುಕ್ಕಿ ಮ್ಯಾಲೆ ಕಪ್ಪು ಬೊಟ್ಟು ಕಾಣ್ತದ. ಉಳದವೆಲ್ಲಾ ಛಲೋ ಇರ್ತಾವ. ಆದ್ರೂ ಇಡೀ ಬಲ್ಬು ಕಸದ ಡಬ್ಬಿಗೆ.

ಇಷ್ಟು ಹೇಳಿದಕೂಡ್ಲೆ ನಮ್ಮ ವೈನಿ ಫೋನಿನಾಗ, “ಅದಕ್ಕ ನಾ ಹೇಳೋದು, ಹಳೇ ಬಲ್ಬೇ ಛಲೋ ಇದ್ದು” ಅಂದ್ರು. ಇಲ್ಲೆ ನಂದೂ ವೈನಿದೂ ಜಗಳ. ಅದನ್ನೂ ಬರದಬಿಡ್ತೀನಿ.

ವೈನೀ, ಹಳೇ ತಂತಿ ಬಲ್ಬಿನ ಆಯುಷ್ಯ 1,000 ತಾಸು. ದಿನಕ್ಕ ಐದು ತಾಸಿನಂಗ ಇನ್ನೂರು ದಿನ, ಏಳು ತಿಂಗಳೂ ಪೂರಾ ಇಲ್ಲ. ನಮ್ಮ ಅವ್ವ ವರ್ಷಕ್ಕ ಎರಡು ಸಲ ಪಡಸಾಲಿ ಬಲ್ಬು ಬದಲಿ ಮಾಡ್ತಿದ್ಲು, ಮರತೀರೇನು? ಅಲ್ಲಾಡಿಸಿದ್ರ ಒಳಗ ತಂತಿ ಹರದು ಕಿಣಿಕಿಣಿ ಅಂತಿತ್ತು. ವೋಲ್ಟೇಜು ನೂರಕ್ಕ ಐದು ಹೆಚ್ಚಾದ್ರ ಅದರ ಆಯುಷ್ಯನೂ ಅರ್ಧಕ್ಕ ಬರ್ತಿತ್ತು. ನಿಮ್ಮ ಮನಿ ಮೆಟ್ಟಲದ ಬಲ್ಬು ಇಪ್ಪತ್ತು ವರ್ಷ ಬಂತು ಅಂತೀರಿ, ಖರೆ ಇರಬಹುದು. ಆ ಮೆಟ್ಟಲಾ ನೀವು ದಿನಕ್ಕ ಎಷ್ಟು ನಿಮಿಷ ಹತ್ತತಿದ್ರಿ? ದಿನಕ್ಕ ಎಂಟು ನಿಮಿಷ ಹಚ್ಚಿದ್ರ 1,000 ತಾಸು ಮುಗೀಲಿಕ್ಕೆ ಇಪ್ಪತ್ತು ವರ್ಷ ಬೇಕೇ ಬೇಕು.

ಅಮೆರಿಕಾದ ಕ್ಯಾಲಿಫೋರ್ನಿಯಾದಾಗ ಲಿವರ್‌ಮೋರ್ ಅನ್ನೋ ಊರಿನ ಅಗ್ನಿಶಾಮಕ ಠಾಣಾದಾಗ 1901ರಿಂದ ಒಂದು ಬಲ್ಬು ಉರೀಲಿಕ್ಕತ್ತದ ಅಂತ ಎಲ್ಲಾರೂ ವಾಟ್ಸ್ಯಾಪಿನಾಗ ಕಳಸ್ತೀರಿ. ಅದೂ ಖರೇನ. ಆದ್ರ ಅದರ ಬೆಳಕು ಈಗ ಸುಮಾರು 4 ವ್ಯಾಟಿನ ದೀಪದಷ್ಟು, ದೇವರ ಮುಂದಿನ ನಂದಾದೀಪ ಇದ್ದಂಗ. ಅದನ್ನ ಆರಿಸಿ ಹಚ್ಚಿ ಮಾಡೋದೂ ಇಲ್ಲದಂಗ ಇಟ್ಟಾರ. ತಂತಿ ಮಂದ ಉರದ್ರ ಭಾಳ ದಿನ ಬರ್ತದ, ಪ್ರಖರ ಉರದ್ರ ಬೇಗ ಹೋಗ್ತದ. ಆ ಬೆಳಕಿನಾಗ ನೀವು ಅಕ್ಕಿ ಆರಸ್ತೀರೇನು?

ಇನ್ನು ಕಂಪನಿಗೋಳು ಮದಲಿಂದ ಸಾಧು ಇದ್ದು, ಈಗ ಕೆಟ್ಟಾವ ಅನ್ನೋದೂ ಬ್ಯಾಡ. 1924ರ ಡಿಸೆಂಬರದಾಗ ಜಿನೀವಾದೊಳಗ ಜಗತ್ತಿನ ದೊಡ್ಡ ದೊಡ್ಡ ಬಲ್ಬಿನ ಕಂಪನಿಯವರು ಸೇರಿ ಫೀಬಸ್ ಅಂತ ಒಂದು ಕೂಟ ಮಾಡಿಕೊಂಡ್ರು. ಆಗ 1,500, 2,000 ತಾಸು ಬರೋ ಬಲ್ಬು ಇದ್ದು. ಎಲ್ಲಾರೂ 1,000 ತಾಸಿಗೇ ಇಳಿಸಬೇಕು ಅಂತ ಠರಾಯಿಸಿದ್ರು. ಬಲ್ಬಿನ ಮಾದರಿ ತರಿಸಿ ಸ್ವಿಟ್ಜರ್ಲೆಂಡಿನಾಗ ಪರೀಕ್ಷಾ ಮಾಡ್ತಿದ್ರು, ಯಾರ ಬಲ್ಬು ಹೆಚ್ಚು ದಿನ ಬರ್ತದ ಅವರಿಗೆ ದಂಡ! ಹೆಚ್ಚು ದಿನ ಬಂದ್ರ ದಂಡ ಅಂತ ನೋಡ್ರಿ. ‘1,000 ತಾಸಿಗೆ ಮಾಡಿದ್ರ ಬೆಳಕು ಪ್ರಖರ ಬರ್ತದ, ಕರೆಂಟು ಉಳೀತದ’ ಅಂತ ಅವರ ವಾದ. ಅದರಾಗೂ ಸ್ವಲ್ಪ ನಿಜ ಇತ್ತು, ಮ್ಯಾಲೆ ಹೇಳಿದಂಗ ಮಂದ ಉರಿಯೋ ತಂತಿ ಕರೆಂಟು ತಿಂದು ಬೆಳಕು ಕಮ್ಮಿ ಕೊಡ್ತದ. ಆದ್ರ ಕೊಳ್ಳೋವರ ಒಳ್ಳೇದಕ್ಕ ಮಾಡಿದ್ರ ಗುಟ್ಟಾಗಿ ಯಾಕ ಮಾಡಬೇಕಿತ್ತು? ಎರಡನೇ ಮಹಾಯುದ್ಧ ಶುರು ಆದಮ್ಯಾಲೆ ಆ ಕೂಟ ಮುರೀತು, 1,000 ತಾಸಿನ ಬಲ್ಬು ಮಾತ್ರ ನಮ್ಮ ಅವ್ವನ ಕಾಲದ ತನಕ ಉಳೀತು.

ಖರ್ಚಿನ ಲೆಕ್ಕ ನೋಡಿದ್ರೂ ಹಳೇದಕ್ಕ ಹೋಗೋ ಮಾತಿಲ್ಲ. 60 ವ್ಯಾಟಿನ ಬಲ್ಬು ದಿನಕ್ಕ ಐದು ತಾಸು ಹಚ್ಚಿದ್ರ ವರ್ಷಕ್ಕ 109 ಯೂನಿಟ್ ಮ್ಯಾಲೆ, 9 ವ್ಯಾಟಿನ ಎಲ್ಇಡಿಗೆ 16 ಯೂನಿಟ್ ಸುಮಾರು. ದೇವರ ಮನಿ ಝೀರೋ ಬಲ್ಬು ಅಂತಿದ್ವಲ್ಲ, ಅದು ಝೀರೋ ಅಲ್ಲವೇ ಅಲ್ಲ, 12ರಿಂದ 15 ವ್ಯಾಟು ತಿಂತಿತ್ತು. ರಾತ್ರಿ ಹತ್ತು ತಾಸು ಹಚ್ಚಿದ್ರ ವರ್ಷಕ್ಕ ಐವತ್ತು ಯೂನಿಟ್ಟಿನ ತನಕ. ಹೆಸರಷ್ಟೇ ಉಪವಾಸ, ಊಟ ಪೊಗದಸ್ತು.

ನಡುವ ಸಿಎಫ್ಎಲ್ ಬಂದಿತ್ತು, ಸುರುಳಿ ಬಲ್ಬು. 6,000ದಿಂದ 10,000 ತಾಸು ಅಂತ ಬರೀತಿದ್ರು. ಅದಕ್ಕ ಪದೇ ಪದೇ ಹಚ್ಚಿ ಆರಿಸೋದು ಆಗಿಬರ್ತಿದ್ದಿಲ್ಲ. ಬಚ್ಚಲಾ, ಪಾಯಖಾನಿಯೊಳಗ ಹಾಕಿದ್ವಿ, ವರ್ಷದಾಗ ಬುಡಾ ಕಪ್ಪಾಗಿ ಹೋತು. ಯಾರ ಮನ್ಯಾಗರ ಇನ್ನೂ ಇದ್ರ ಒಡೀದಂಗ ನೋಡಿಕೊಳ್ರಿ, ಒಳಗ ಪಾದರಸ ಅದ. ಒಡದ್ರ ಕಸಬರಿಗಿ ಹಚ್ಚಬ್ಯಾಡ್ರಿ. ಖಿಡಕಿ ತಗದು, ಮಕ್ಕಳನ್ನ ಹೊರಗ ಕಳಿಸಿ, ಹತ್ತು ನಿಮಿಷ ಬಿಟ್ಟು ರಟ್ಟಿನಿಂದ ಬಳದು, ಪುಡಿನ ಅಂಟಿನ ಟೇಪಿನಿಂದ ಎತ್ತಿ ಡಬ್ಬಿಯೊಳಗ ಹಾಕಿ ಮುಚ್ಚರಿ.

ಹಳೇದರಾಗ ನನಗ ಖರೆ ಹೊಟ್ಟಿ ಉರಿಯೋದು ಟ್ಯೂಬ್‌ಲೈಟಿನ ಸಂಬಂಧ. ಅದು ಪಟಪಟ ಅಂದ್ರ ಸ್ಟಾರ್ಟರ್ ಹೋಗ್ಯದ ಅಂತ ನಮಗೇ ಗೊತ್ತಾಗ್ತಿತ್ತು. ಕೆಲವು ರೂಪಾಯಿದು ಸ್ಟಾರ್ಟರ್ ತಂದು ತಿರವಿ ಹಾಕಿದ್ರ ಮುಗೀತು. ತುದಿ ಕಪ್ಪಾದ್ರ ಟ್ಯೂಬು ಬದಲಿ. ಗುಂಯ್ ಅಂದ್ರ ಚೋಕು ಬದಲಿ. ಪಟ್ಟಿ ಅದೇ, ತಂತಿ ಅದೇ. ನಮ್ಮ ಪಡಸಾಲಿ ಪಟ್ಟಿ ನನ್ನ ಮದುವಿ ವರ್ಷ ಹಾಕಿದ್ದು, ಮೂವತ್ತು ವರ್ಷ ನಡೀತು. ಈಗಿನ ಎಲ್ಇಡಿ ಪಟ್ಟಿ ಭಾಳಷ್ಟು ಅಂಟು ಹಚ್ಚಿ ಮುಚ್ಚೇ ಬಂದಿರ್ತಾವ. ಒಳಗಿನ ಡ್ರೈವರ್ ಹೋದ್ರ ಇಡೀ ಪಟ್ಟಿ ಬಿಚ್ಚಿ ಒಗೀಬೇಕು. ರಿಪೇರಿ ಮಾಡೋವರು ಪ್ಯಾಟ್ಯಾಗ ಇದ್ದಾರ, ಆದ್ರ ‘ಹೊಸಾದೇ ಬರ್ತದಲ್ರೀ ಅಕ್ಕಾರ’ ಅಂತ ಅವರೇ ಹೇಳಿ ಕಳಸ್ತಾರ. ಹೆಚ್ಚು ತಾಸು ಬರೋ ಸಾಮಾನು ಅಂತ ಮಾರತಾರ, ಒಂದು ತುಣುಕು ಕೆಟ್ಟರ ಪೂರ್ತಿ ಒಗಿ ಅಂತಾರ. ಈ ಎರಡೂ ಮಾತು ಒಂದೇ ಬಾಯಾಗ ಹೆಂಗ ಬರ್ತಾವ?

ಎಲ್ಇಡಿ ಅಗ್ಗ ಆದದ್ದು ಒಳ್ಳೇದೇ ಆತು, ಅದನ್ನ ನಾ ಅಲ್ಲಗಳಿಯೂದಿಲ್ಲ. 2015ರ ಜನವರಿಯೊಳಗ ಉಜಾಲಾ ಯೋಜನಾ ಶುರು ಆತು, ನಮ್ಮ ಕಡೆ ‘ಹೊಸ ಬೆಳಕು’ ಅಂತ ಹೆಸರಿತ್ತು. ಕರೆಂಟ್ ಬಿಲ್ ತೋರಿಸಿ ಸಾಲಾಗಿ ನಿಂತು 9 ವ್ಯಾಟಿನ ಬಲ್ಬು ತಂದದ್ದು ನೆನಪಿರಬೇಕು. ಸರಕಾರ ಖರೀದಿ ಮಾಡೋ ದರ 310 ರೂಪಾಯಿ ಇದ್ದದ್ದು ಕೆಲವೇ ವರ್ಷದಾಗ 38 ರೂಪಾಯಿಗೆ ಇಳೀತು. ದೇಶದಾಗ 36 ಕೋಟಿ ಮ್ಯಾಲೆ ಬಲ್ಬು ಹಂಚ್ಯಾರ. ಆ ಬಲ್ಬಿಗೆ ಮೂರು ವರ್ಷ ಬದಲಿ ಕೊಡೋ ಮಾತೂ ಇತ್ತು. ನಮ್ಮ ಓಣ್ಯಾಗ ಹೋದ ಬಲ್ಬು ಬದಲಿ ಮಾಡಿಸಿಕೊಂಡವರು ಎಷ್ಟು ಮಂದಿ ಅಂತ ಕೇಳಿದೆ. ಇಬ್ಬರು. ಉಳದವರೆಲ್ಲಾ ‘ಯಾರು ಹೋಗಬೇಕವಾ ಅಷ್ಟಕ್ಕ’ ಅಂದ್ರು.

‘ಯಾರು ಹೋಗಬೇಕು ಅಷ್ಟಕ್ಕ.’ ಇಡೀ ಧಂದೆ ನಿಂತಿರೋದು ಈ ನಮ್ಮ ಮಾತಿನ ಮ್ಯಾಲೆ ಅಕ್ಕಾ ತಂಗೇರ.

ಡಬ್ಬಿ ಇನ್ನೊಮ್ಮೆ ತಿರಿವಿ ನೋಡ್ರಿ. ದೊಡ್ಡಕ್ಷರದಾಗ 25,000 ತಾಸು. ಸಣ್ಣಕ್ಷರದಾಗ ಗ್ಯಾರಂಟಿ ಒಂದು ವರ್ಷ, ಇಲ್ಲಾ ಎರಡು ವರ್ಷ. ದಿನಕ್ಕ ಐದು ತಾಸಿನಂಗ ಒಂದು ವರ್ಷ ಅಂದ್ರ 1,825 ತಾಸು. 25,000 ತಾಸು ಬರ್ತದ ಅಂತ ಅವರಿಗೆ ಖಾತ್ರಿ ಇದ್ರ 1,825 ತಾಸಿಗಷ್ಟೇ ಯಾಕ ಜವಾಬ್ದಾರಿ ತಗೋತಾರ? ವರನ ಕಡೆಯವರು ಹುಡುಗ ಬಂಗಾರದಂಥವ ಅಂತ ಹೊಗಳಿ, ‘ಆದ್ರ ಒಂದು ವರ್ಷ ಆದಮ್ಯಾಲೆ ನಮ್ಮನ್ನ ಏನೂ ಕೇಳಬಾರದು’ ಅಂದ್ರ ನೀವು ಮಗಳನ್ನ ಕೊಡ್ತೀರೇನು? ತಾಸು ಬಾಯಿಮಾತು. ವರ್ಷಕ್ಕ ಅವರ ಕಿಸೆದಾಗಿನ ರೊಕ್ಕ ಕಟ್ಟಿಟ್ಟಿರ್ತಾರ. ಕೊಳ್ಳೋವಾಗ ಅದನ್ನಷ್ಟೇ ಓದ್ರಿ. ಹತ್ತಿಪ್ಪತ್ತು ರೂಪಾಯಿ ಹೆಚ್ಚಾದ್ರೂ ಎರಡು ವರ್ಷ ಬರದಿದ್ದನ್ನ ತಗೋರಿ.

ಆದ್ರ ಗ್ಯಾರಂಟಿ ಬರದಿದ್ರ ಸಾಲದು, ಕೇಳಬೇಕು. ನಮ್ಮನಿ ಮೆಟ್ಟಲದ ಬಲ್ಬು ಎಂಟು ತಿಂಗಳಿಗೆ ಹೋತು. ತಗೊಂಡು ಅಂಗಡಿಗೆ ಹೋದೆ. “ಬಿಲ್ ಎಲ್ಲಿ? ಡಬ್ಬಿ ಎಲ್ಲಿ? ಯಾವಾಗ ಒಯ್ದಿದ್ರಿ?” ಅಂತ ಕೇಳಿದ. ಮೂರಕ್ಕೂ ನನ್ನ ಕಡೆ ಉತ್ತರ ಇದ್ದಿದ್ದಿಲ್ಲ. ಡಬ್ಬಿ ಒಲಿಗೆ ಹೋಗಿತ್ತು, ಬಿಲ್ಲು ಅವ ಕೊಟ್ಟೇ ಇರಲಿಲ್ಲ, ನಾ ಕೇಳೇ ಇರಲಿಲ್ಲ. ಹಿಂದ ನಿಂತವರೊಬ್ಬರು ‘ತೊಂಬತ್ತು ರೂಪಾಯಿ ಸಂಬಂಧ ಇಷ್ಟು ದೂರ ಬಂದಾರ ನೋಡ್ರಿ’ ಅಂತ ನಕ್ಕರು. ಮಾರಿ ಕೆಂಪಾಗಿ ಮನಿಗೆ ಬಂದೆ.

ಮುಂದಿನ ಸಲ ಹಂಗಾಗಲಿಲ್ಲ. ಹೊಸಾ ಬಲ್ಬು ಹಾಕೋವಾಗ ಕಪ್ಪು ಮಾರ್ಕರ್ ಪೆನ್ನಿನಿಂದ ಬಿಳಿ ಬುಡದ ಮ್ಯಾಲೆ ತಾರೀಖು ಬರದೆ. ಬಿಲ್ಲು ಕೇಳಿ ತಗೊಂಡು, ಮಡಚಿ ಅದರ ಡಬ್ಬಿಯೊಳಗೇ ಇಟ್ಟು, ಎಲ್ಲಾ ಡಬ್ಬಿ ಒಂದು ಹಳೇ ಬಿಸ್ಕಿಟಿನ ಡಬರಿಯೊಳಗ ಹಾಕಿ ಅಟ್ಟದ ಮ್ಯಾಲೆ ಇಟ್ಟೆ. ಹನ್ನೊಂದನೇ ತಿಂಗಳಿಗೆ ಅಡಗಿಮನಿದು ಹೋತು. ಡಬ್ಬಿ, ಬಿಲ್ಲು, ತಾರೀಖು ಬರದ ಬಲ್ಬು, ಮೂರೂ ಒಯ್ದು ಮುಂದ ಇಟ್ಟೆ. ಅದೇ ಅಂಗಡಿಯವ ಒಂದು ಮಾತೂ ಆಡದ ಹೊಸಾದು ತಗದು ಕೊಟ್ಟ. ಹಳೇದನ್ನ ಅವ ಕಂಪನಿಗೆ ವಾಪಸ್ ಕಳಿಸ್ತಾನಂತ, ಅವಗೇನೂ ನುಕಸಾನ ಇಲ್ಲ. ಕೇಳಲಿಕ್ಕೆ ನಾಚಿದ್ದು ನಾನೇ.

ಈಗ ಕೆಲವರು ಅಂತೀರಿ: ‘ಗೃಹಜ್ಯೋತಿ ಬಂದ ಮ್ಯಾಲೆ ನಮಗ ಬಿಲ್ಲೇ ಸೊನ್ನಿ, ಬಲ್ಬಿನ ಲೆಕ್ಕ ಯಾಕ ಬೇಕು?’ ನಾ ಅಂತೀನಿ, ಈಗೇ ಬೇಕು. ಕರೆಂಟಿಗೆ ರೊಕ್ಕ ಹೋಗದ ಮನ್ಯಾಗ ಬೆಳಕಿಗಂತ ಕಿಸೆಯಿಂದ ಹೋಗೋ ರೊಕ್ಕ ಬಲ್ಬಿಂದಷ್ಟೇ. ಮತ್ತ ಆ ಯೋಜನಾದಾಗೂ ನಿಮ್ಮ ಹಿಂದಿನ ಸರಾಸರಿ ಮ್ಯಾಲೆ ಸ್ವಲ್ಪ ಹೆಚ್ಚು ಅಷ್ಟೇ ಮಾಫಿ, ಅದೂ 200 ಯೂನಿಟ್ ದಾಟಬಾರದು. ಹಾಳು ಮಾಡಲಿಕ್ಕೆ ಕೊಟ್ಟದ್ದಲ್ಲ ಅದು.

ಹಂಗಾದ್ರ ಏನು ಮಾಡಬೇಕು ಅಂತೀರಿ? ನಾ ಈಗ ಮಾಡೋದು ಇಷ್ಟು.

ಎಲ್ಇಡಿ ಬಲ್ಬು ಮುಚ್ಚಿದ ಗ್ಲೋಬಿನಾಗ ಹಾಕೂದಿಲ್ಲ. ಬಚ್ಚಲದ ಗ್ಲೋಬು ತಗಸಿ, ನೀರು ಸಿಡೀದಂಥ ಎತ್ತರದ ಜಾಗಾಕ್ಕ ಹೋಲ್ಡರ್ ಸರಿಸೀವಿ. ಹಂಗ ಸರಸ್ಲಿಕ್ಕೆ ಆಗದಿದ್ರ ಬಚ್ಚಲಕ್ಕಂತೇ ಮಾಡಿದ, ಹಸಿ ತಡಿಯೋ ದೀಪದ ಪಟ್ಟಿ ಸಿಗ್ತಾವ, ಅವನ್ನ ಕೇಳಿ ತಗೋರಿ.

ಡಬ್ಬಿ ಮ್ಯಾಲೆ ವ್ಯಾಟ್ ಅಷ್ಟೇ ಅಲ್ಲ, ಲುಮೆನ್ ನೋಡ್ರಿ. ಅದು ಬೆಳಕಿನ ಅಳತಿ. 9 ವ್ಯಾಟಿನದರಾಗೇ ಒಂದು 800, ಇನ್ನೊಂದು 900 ಇರ್ತಾವ. ಬಿಐಎಸ್ ಗುರುತು, ‘ಆರ್’ ಅಕ್ಷರದಿಂದ ಶುರು ಆಗೋ ನೋಂದಣಿ ನಂಬರ್ ಇಲ್ಲದ ಬಲ್ಬು ಸಂತ್ಯಾಗ ಮೂವತ್ತು ರೂಪಾಯಿಗೆ ಕೊಟ್ಟರೂ ಬ್ಯಾಡ.

ಒಂದೇ ಜಾಗಾದಾಗ ಮ್ಯಾಲಿಂದ ಮ್ಯಾಲೆ ಬಲ್ಬು ಹೋಗ್ಲಿಕ್ಕತ್ರ ಬಲ್ಬಿಗೆ ಬೈಬ್ಯಾಡ್ರಿ, ಹೋಲ್ಡರ್ ಸಡಿಲ ಆಗಿರ್ತದ, ಇಲ್ಲಾ ತಂತಿ ಸಡಿಲ ಇರ್ತದ. ಎಲೆಕ್ಟ್ರಿಷಿಯನ್ನನ್ನ ಕರೀರಿ. ಮನಿ ದೀಪೆಲ್ಲಾ ಒಮ್ಮಿಂದೊಮ್ಮೆ ಕೆಲವು ಝಗ್ ಅಂತ ಉರದು ಕೆಲವು ಮಂದ ಆದ್ರ ಮಾತ್ರ ಕಾಯಬ್ಯಾಡ್ರಿ. ನ್ಯೂಟ್ರಲ್ ತಂತಿ ಬಿಟ್ಟಿರ್ತದ, ಮೇನ್ ಸ್ವಿಚ್ ಬಂದ್ ಮಾಡಿ ಕರೆಂಟಿನ ಆಫೀಸಿಗೆ ಫೋನ್ ಮಾಡ್ರಿ. ಬಲ್ಬು ಅಷ್ಟೇ ಅಲ್ಲ, ಫ್ರಿಜ್, ಟಿವಿ ಎಲ್ಲಾ ಸುಡ್ತಾವ.

ಕಡೀ ಮಾತು, ನನಗ ಎಲ್ಲಾಕ್ಕಿಂತ ದೊಡ್ಡದು. ವರ್ಷಕ್ಕ ಒಮ್ಮೆ, ದೀಪಾವಳಿಗೆ ಮನಿ ಝಾಡಿಸೋವಾಗ, ಒಂದು ಹೊಸಾ ಬಲ್ಬು ಕೈಯಾಗ ಹಿಡಕೊಂಡು ಬಚ್ಚಲಾ, ಮೆಟ್ಟಲಾ, ಹಿರಿಯರ ಕೋಣಿ, ಈ ಮೂರೂ ಕಡೆ ಹಾಕಿ ನೋಡ್ರಿ. ಹಳೇದಕ್ಕೂ ಹೊಸಾದಕ್ಕೂ ಕಣ್ಣಿಗೆ ಫರಕ್ ಕಂಡ್ರ ಹಳೇದನ್ನ ಅಲ್ಲಿಂದ ತಗೀರಿ. ಒಗೀಬ್ಯಾಡ್ರಿ, ಹಿತ್ತಲಕ್ಕೋ ಕಟಗಿ ಕೋಣಿಗೋ ಹಾಕ್ರಿ. ವಯಸ್ಸಾದ ಕಣ್ಣಿಗೆ ನಮ್ಮ ಕಣ್ಣಿಗಿಂತ ಹೆಚ್ಚು ಬೆಳಕು ಬೇಕು. ನಮಗ ಸಾಕಾಗೋ ಬೆಳಕು ಅವರಿಗೆ ಸಾಕಾಗೂದಿಲ್ಲ. ಬಲ್ಬು ಆರೋ ತನಕ ಕಾದ್ರ ಅದರೊಳಗ ಯಾರರ ಬಿದ್ದಿರ್ತಾರ.

ಡಬ್ಬಿ ಮ್ಯಾಲೆ ಬರಿಯೋವರಿಗೂ ನಾ ಒಂದು ಕೇಳತೀನಿ, ಅವರು ಇದನ್ನ ಓದೂದಿಲ್ಲ ಅಂತ ಗೊತ್ತಿದ್ರೂ. 25,000 ತಾಸಿನ ಮಗ್ಗಲಕ್ಕ, ಅಷ್ಟೇ ದೊಡ್ಡಕ್ಷರದಾಗ, ‘ಅಷ್ಟೊತ್ತಿಗೆ ಬೆಳಕು ಮೂವತ್ತು ಭಾಗ ಕಮ್ಮಿ ಆಗಿರ್ತದ’ ಅಂತ ಕನ್ನಡದಾಗ ಬರೀರಿ. ‘ಮುಚ್ಚಿದ ಗ್ಲೋಬಿನಾಗ ಹಾಕಬ್ಯಾಡ್ರಿ’ ಅಂತ ಬರೀರಿ. ಇವನ್ನೆಲ್ಲಾ ಇರಿವಿ ಕಾಲಿನಷ್ಟು ಸಣ್ಣ ಇಂಗ್ಲಿಷಿನಾಗ ಬರದು, ಬಲ್ಬು ಬದಲಿ ಮಾಡೋ ಹೆಣ್ಣಮಗಳು ಓದಲಿಲ್ಲ ಅಂದ್ರ ತಪ್ಪು ಯಾರದು?

ಅತ್ತಿಯವರ ಪ್ಲಾಸ್ಟರ್ ತಗದಾರ. ಬೆರಳು ಇನ್ನೂ ಪೂರ್ತಿ ಮಡಚಲಿಕ್ಕೆ ಬರೂದಿಲ್ಲ, ಹೂಬತ್ತಿ ಹೊಸೀಲಿಕ್ಕೆ ಆಗೂದಿಲ್ಲ ಅಂತ ಬ್ಯಾಸರಾ ಮಾಡ್ಕೋತಾರ. ನಾ ಹೊಸದು ಕೊಟ್ರ ‘ದಪ್ಪ ಆತು’ ಅಂತಾರ. ಮೊನ್ನೆ ಅವರಿಗೆ ಹೇಳಿದೆ, “ಅತ್ತೀ, ನೀವು ಹೇಳಿದ್ದೇ ಖರೆ, ಅಲ್ಲೆ ಕತ್ತಲಿನೇ ಇತ್ತು.” ಸುಮ್ಮನ ನಕ್ಕರು. “ನಾ ಆವತ್ತೇ ಹೇಳಿದ್ದೆನಲ್ಲವಾ” ಅಂದ್ರು.

ಇವತ್ತು ಸಂಜಿಗೆ ದೇವರಿಗೆ ದೀಪಾ ಹಚ್ಚಿದ ಮ್ಯಾಲೆ ನಿಮ್ಮ ಮನಿ ಬಚ್ಚಲದಾಗ ಒಮ್ಮೆ ತಲಿ ಎತ್ತಿ ನೋಡ್ರಿ. ಬಲ್ಬಿನ ಬುಡದ ಮ್ಯಾಲೆ ತಾರೀಖು ಅದನೋ ಇಲ್ಲೋ. ಇಲ್ಲಂದ್ರ ಬಲ್ಬು ಆರಿಸಿ, ತಣ್ಣಗಾದ ಮ್ಯಾಲೆ, ಗಟ್ಟಿ ಸ್ಟೂಲ್ ಇಟ್ಟುಕೊಂಡು, ಯಾರನ್ನರ ಹಿಡ್ಕೊಳ್ಳಲಿಕ್ಕೆ ನಿಲ್ಲಿಸಿ ಹತ್ರಿ. ನೀವೂ ಬಿದ್ದೀರಿ ಮತ್ತ.